ಹೈದರಾಬಾದೋ ಬೆಂಗಳೂರೋ: ಮೂರನೇ ವರ್ಷದ ಫೀ ಎಷ್ಟು ಅಂತ ಕೇಳಿದಿರಾ?

ಪ್ರಶ್ನೆ: ನಾವು ಗದಗ ಜಿಲ್ಲೆ ರೋಣ ತಾಲೂಕಿನವರು. ಕಿರಾಣಿ ಅಂಗಡಿ ಇದೆ, ನಾಲ್ಕು ಎಕರೆ ಎರೆ ಹೊಲ ಇದೆ. 2ಎ ವರ್ಗ. ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿ ಕಾಮರ್ಸ್‌ನಲ್ಲಿ 93%. ಅರ್ಥಶಾಸ್ತ್ರವನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದಿದ್ದಾಳೆ, ಹೈದರಾಬಾದ್ ವಿಶ್ವವಿದ್ಯಾಲಯದ ಐದು ವರ್ಷದ ಇಂಟಿಗ್ರೇಟೆಡ್ ಎಂ.ಎ.ಗೆ ಸೀಟು ಸಿಗುವ ಲಕ್ಷಣ ಇದೆ. ಇತ್ತ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದವರು ಮೂರು ವರ್ಷದ ಬಿ.ಎ.ಗೆ 25% ಸ್ಕಾಲರ್‌ಶಿಪ್ ಕೊಟ್ಟು ಪತ್ರ ಕಳಿಸಿದ್ದಾರೆ. ಎರಡು ದಿನದಲ್ಲಿ 50,000 ಕಟ್ಟಿ ಸೀಟು ಹಿಡಿಯಿರಿ, ಇಲ್ಲದಿದ್ದರೆ ಹೋಗುತ್ತದೆ ಎಂದು ದಿನಾ ಫೋನು. ನಮ್ಮೂರಿಂದ ಎರಡೂ ಒಂದು ರಾತ್ರಿಯ ದಾರಿ. ‘ಸರಕಾರಿ ಅಂದ್ರೆ ಬರೀ ಸ್ಟ್ರೈಕು, ಹೆಣ್ಣುಮಗಳನ್ನ ಬೇರೆ ರಾಜ್ಯಕ್ಕೆ ಯಾಕ ಕಳಸ್ತೀರಿ’ ಎಂದು ನನ್ನ ಹೆಂಡತಿಯ ಅಣ್ಣ ಹೇಳುತ್ತಾನೆ. ಏನು ಮಾಡಲಿ?

ಉತ್ತರ:

ಮೊದಲು ಆ ಫೋನಿನ ವಿಷಯ ಮುಗಿಸೋಣ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ವಿಶ್ವವಿದ್ಯಾಲಯವಲ್ಲ, ಫೋನು. ಆ ಫೋನನ್ನು ಒಂದು ಕಾಲಕ್ಕೆ ನಾನೇ ಮಾಡುತ್ತಿದ್ದೆ. ಸರಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಹನ್ನೊಂದು ವರ್ಷ ಸವೆಸಿ, ಆಮೇಲೆ ಒಂದು ಖಾಸಗಿ ವಿಶ್ವವಿದ್ಯಾಲಯ ಸೇರಿದೆ. ಏಪ್ರಿಲ್ ಬಂತೆಂದರೆ ನಮಗೆಲ್ಲ ಪಾಠದ ಜೊತೆಗೆ ಒಂದು ಹಾಳೆ ಕೊಡುತ್ತಿದ್ದರು. ದಿನಕ್ಕೆ ನಲವತ್ತು ನಂಬರು. ಅರ್ಥಶಾಸ್ತ್ರದ ಮೇಷ್ಟ್ರು, ಇಂಗ್ಲಿಷ್ ಮೇಡಂ, ಗ್ರಂಥಪಾಲಕರು ಎಲ್ಲರೂ ಸಾಲಾಗಿ ಕೂತು ‘ಸರ್, ಇನ್ನು ಎರಡೇ ಸೀಟು ಉಳಿದಿವೆ’ ಎನ್ನುವುದು. ಆ ಎರಡು ಸೀಟು ಆಗಸ್ಟ್‌ವರೆಗೂ ಎರಡೇ ಉಳಿದಿರುತ್ತಿದ್ದವು. ಆದ್ದರಿಂದ ಈ ವಾರ ಹಣ ಕಟ್ಟಬೇಡಿ.

ಹೆದರಿಕೆಯಿಂದ ಕಟ್ಟಿಯೇಬಿಟ್ಟಿದ್ದೀರಿ ಅನ್ನಿ, ಆಗಲೂ ದಾರಿ ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲಿ ಹೊರಡಿಸಿದ ನಿಯಮದಂತೆ, ಪ್ರವೇಶಕ್ಕೆ ಪ್ರಕಟಿಸಿದ ಕೊನೆಯ ದಿನಕ್ಕಿಂತ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಫೀ ವಾಪಸ್ ಕೊಡಬೇಕು, ಸಂಸ್ಕರಣಾ ವೆಚ್ಚವೆಂದು ಹಿಡಿದುಕೊಳ್ಳುವುದು ಹೆಚ್ಚೆಂದರೆ 5,000 ರೂಪಾಯಿ. ಆಮೇಲೆ 90%, 80%, 50% ಎಂದು ಇಳಿಯುತ್ತದೆ, ಕೊನೆಯ ದಿನ ಕಳೆದು ತಿಂಗಳಾದರೆ ಏನೂ ಇಲ್ಲ. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಮೂಲ ಅಂಕಪಟ್ಟಿ, ಟಿಸಿಗಳನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ನೋಡಿ ವಾಪಸ್ ಕೊಡಬೇಕು, ಅಷ್ಟೆ. ಹಣಕ್ಕಿಂತ ಹೆಚ್ಚಾಗಿ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿದ್ದರೆ ಹೈದರಾಬಾದಿನಲ್ಲಿ ದಾಖಲೆ ಪರಿಶೀಲನೆಗೆ ಏನು ಒಯ್ಯುತ್ತೀರಿ?

ಈಗ ನೀವು ಕಳಿಸಿದ ಆ ಪತ್ರಕ್ಕೆ ಬರುತ್ತೇನೆ. ಬಣ್ಣದ ಕಾಗದ, ಮೇಲೆ ದೊಡ್ಡಕ್ಷರದಲ್ಲಿ 25%. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇರುವುದು ಇದು: ವಾರ್ಷಿಕ ಬೋಧನಾ ಶುಲ್ಕ 2,80,000. ಹಾಸ್ಟೆಲ್ ಮತ್ತು ಮೆಸ್ 1,60,000. ಒಂದೇ ಸಲದ ಪ್ರವೇಶ ಶುಲ್ಕ 30,000, ಠೇವಣಿ 10,000. ಸ್ಕಾಲರ್‌ಶಿಪ್ ಬೋಧನಾ ಶುಲ್ಕಕ್ಕೆ ಮಾತ್ರ, ಮುಂದಿನ ವರ್ಷಗಳಲ್ಲಿ ಅದು ಉಳಿಯಬೇಕಾದರೆ ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್ ಅಂಕ, 8.5 ಇರಬೇಕು, ಹಾಜರಾತಿ 85% ಇರಬೇಕು. ಕೊನೆಯ ಸಾಲು: ‘ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುತ್ತವೆ.’

ನೀವು ಅಂಗಡಿ ನಡೆಸುವವರು, ಲೆಕ್ಕ ನಿಮಗೆ ಹೇಳಿಕೊಡಬೇಕಿಲ್ಲ. ಆದರೂ ಒಟ್ಟಿಗೆ ಹಾಕೋಣ. ಮೊದಲ ವರ್ಷ 2,10,000 ಬೋಧನಾ ಶುಲ್ಕ, 1,60,000 ಹಾಸ್ಟೆಲ್ಲು, 40,000 ಇತರೆ, ಒಟ್ಟು 4,10,000. ಸ್ಕಾಲರ್‌ಶಿಪ್ ಮೂರೂ ವರ್ಷ ಉಳಿದು ಫೀ ಒಂದು ಪೈಸೆಯೂ ಏರದಿದ್ದರೆ ಒಟ್ಟು 11,50,000. ಫೋನಿನಲ್ಲಿ ಅವರು ಹೇಳುವ ಲೆಕ್ಕ ಇದು. ಈಗ ನನ್ನ ಲೆಕ್ಕ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಮೊದಲ ವರ್ಷ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದನ್ನು ಕಲಿಯುತ್ತ 7.8 ತೆಗೆದಳು ಅನ್ನಿ, ಅದು ಕೆಟ್ಟ ಅಂಕವೇನಲ್ಲ. ಸ್ಕಾಲರ್‌ಶಿಪ್ ಹೋಯಿತು. ಫೀ, ಹಾಸ್ಟೆಲ್ಲು ಎರಡೂ ವರ್ಷಕ್ಕೆ 8% ಏರಿದವು. ಎರಡನೇ ವರ್ಷ 4,75,000, ಮೂರನೇ ವರ್ಷ 5,13,000. ಒಟ್ಟು 14 ಲಕ್ಷಕ್ಕೆ ಸ್ವಲ್ಪ ಕಡಿಮೆ. ಇದರಲ್ಲಿ ಲ್ಯಾಪ್‌ಟಾಪ್ ಇಲ್ಲ, ಊರಿಗೆ ಬಂದುಹೋಗುವ ಬಸ್ಸಿನ ಖರ್ಚಿಲ್ಲ, ಆಮೇಲಿನ ಎರಡು ವರ್ಷದ ಎಂ.ಎ. ಇಲ್ಲ.

ದೂರದ ಊರಲ್ಲಿ ಓದಿಸುವವರು ನೋಡಬೇಕಾದದ್ದು ಈ ಮೂರನೇ ವರ್ಷದ ಅಂಕಿ. ಮೊದಲ ವರ್ಷ ಎಲ್ಲರೂ ಹೇಗೋ ಹೊಂದಿಸುತ್ತಾರೆ. ಮನೆಯಲ್ಲಿ ಹುರುಪಿರುತ್ತದೆ, ಬಂಗಾರ ಇರುತ್ತದೆ, ಸೋದರಮಾವ ಇರುತ್ತಾನೆ. ಮೂರನೇ ವರ್ಷಕ್ಕೆ ಹುರುಪು ಇಳಿದಿರುತ್ತದೆ, ಬಂಗಾರ ಬ್ಯಾಂಕಿನಲ್ಲಿರುತ್ತದೆ. ಆ ವರ್ಷವೇ ಹೆಸರು ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ, ಉಳ್ಳಾಗಡ್ಡಿ ಕ್ವಿಂಟಲ್‌ಗೆ ಲಾರಿ ಬಾಡಿಗೆಯೂ ಗಿಟ್ಟದ ದರಕ್ಕೆ ಬಿದ್ದರೆ? ಹತ್ತಿರದ ಕಾಲೇಜಾದರೆ ಹಾಸ್ಟೆಲ್ ಬಿಟ್ಟು ಮನೆಯಿಂದ ಓಡಾಡಬಹುದು, ಪ್ರಿನ್ಸಿಪಾಲರ ಮುಂದೆ ನೀವೇ ಹೋಗಿ ಒಂದು ತಿಂಗಳು ಗಡುವು ಕೇಳಬಹುದು. ನಾನೂರು ಕಿಲೋಮೀಟರ್ ಆಚೆ ಇವೆರಡೂ ಆಗುವುದಿಲ್ಲ. ಫೀ ಕಟ್ಟದ ಕಾರಣ ಪರೀಕ್ಷೆಯ ಹಾಲ್ ಟಿಕೆಟ್ ಸಿಗದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತ ಮಕ್ಕಳನ್ನು ಕಂಡಿದ್ದೇನೆ. ಅವರಲ್ಲಿ ಯಾರೂ ದಡ್ಡರಾಗಿರಲಿಲ್ಲ, ಹೆಚ್ಚಿನವರು ಐದನೇ ಸೆಮಿಸ್ಟರಿನವರು.

ಹಾಗಾಗಿ ನನ್ನ ಉತ್ತರ ಹೈದರಾಬಾದ್. ಅದು ಸರಕಾರಿ ಎಂಬ ಭಕ್ತಿಯಿಂದ ಹೇಳುತ್ತಿಲ್ಲ, ನಿಮ್ಮ ಮನೆ ಎಡವಿದರೂ ಅಲ್ಲಿ ಅವಳ ಓದು ನಿಲ್ಲುವುದಿಲ್ಲ ಎಂದು ಹೇಳುತ್ತಿದ್ದೇನೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ವರ್ಷದ ಬೋಧನಾ ಶುಲ್ಕ ಸಾವಿರದ ಲೆಕ್ಕದಲ್ಲಿರುತ್ತದೆ, ಲಕ್ಷದ ಲೆಕ್ಕದಲ್ಲಲ್ಲ. ದೊಡ್ಡ ಖರ್ಚು ಮೆಸ್ ಬಿಲ್ಲು. ಊಟ, ವಸತಿ, ಪುಸ್ತಕ, ಓಡಾಟ ಸೇರಿ ವರ್ಷಕ್ಕೆ ಒಂದು ಲಕ್ಷದೊಳಗೆ ಮುಗಿಸಬಹುದು ಎಂಬುದು ನನ್ನ ಅಂದಾಜು. ಐದು ವರ್ಷಕ್ಕೆ ಐದು ಲಕ್ಷ, ಅದರಲ್ಲಿ ಎಂ.ಎ.ಯೂ ಸೇರಿತು. ನಡುವೆ ಮನಸ್ಸು ಬದಲಾದರೆ ಮೂರು ವರ್ಷಕ್ಕೆ ಬಿ.ಎ. ತೆಗೆದುಕೊಂಡು ಹೊರಬರುವ ಅವಕಾಶವೂ ಇದೆ.

ಇನ್ನು ಅಲ್ಲಿ ಏನೇನು ಸರಿಯಿರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ನೀವು ನನ್ನನ್ನು ಬೈಯುತ್ತೀರಿ. ಸರಕಾರಿ ವಿಶ್ವವಿದ್ಯಾಲಯದಲ್ಲಿ ಯಾರೂ ನಿಮಗೆ ಫೋನ್ ಮಾಡುವುದಿಲ್ಲ. ನೀವು ಮಾಡಿದರೂ ಎತ್ತುವುದಿಲ್ಲ. ಪಟ್ಟಿ ಜಾಲತಾಣದಲ್ಲಿ ಬರುತ್ತದೆ, ನೋಡಿಕೊಳ್ಳುವುದು ನಿಮ್ಮ ಪಾಡು. ಹಾಸ್ಟೆಲ್ ಹಂಚಿಕೆ ತಡವಾಗಬಹುದು, ಮೊದಲ ಕೆಲವು ದಿನ ಹೊರಗೆ ಪಿ.ಜಿ.ಯಲ್ಲಿ ಇರಬೇಕಾಗಿ ಬರಬಹುದು. ಅದಕ್ಕೆಂದೇ ಹದಿನೈದು ಸಾವಿರ ಬೇರೆ ತೆಗೆದಿಡಿ. ಒಬ್ಬರಿಗೆ ಮೀಸಲಾದ ಕೋಣೆಯಲ್ಲಿ ಇಬ್ಬರು ಇರುತ್ತಾರೆ. ಬೋಧಕರ ಹುದ್ದೆಗಳು ಖಾಲಿ ಬಿದ್ದಿರುತ್ತವೆ. ನಾನು ಅತಿಥಿ ಉಪನ್ಯಾಸಕನಾಗಿದ್ದ ಒಂದು ಕಡೆ ಕೊನೆಯ ಸೆಮಿಸ್ಟರಿನ ಫಲಿತಾಂಶ ನಾಲ್ಕು ತಿಂಗಳು ತಡವಾಗಿ, ನನ್ನ ತರಗತಿಯ ಅತ್ಯುತ್ತಮ ಹುಡುಗಿಯೊಬ್ಬಳು ಬೇರೆಡೆ ಸಿಕ್ಕಿದ್ದ ಎಂ.ಎ. ಸೀಟು ಕಳೆದುಕೊಂಡಳು. ಯಾರೂ ಅವಳಿಗೆ ಕ್ಷಮೆ ಕೇಳಲಿಲ್ಲ, ಕೇಳುವ ಜವಾಬ್ದಾರಿ ಯಾರದು ಎಂಬುದೇ ಅಲ್ಲಿ ತೀರ್ಮಾನವಾಗಿರಲಿಲ್ಲ. ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸು ಚೆನ್ನ ಅನ್ನುವುದಕ್ಕೆ ಇದೂ ಒಂದು ಕಾರಣ: ಬಿ.ಎ. ಮುಗಿದು ಎಂ.ಎ. ಸೇರುವ ಆ ನಡುವಿನ ಕಂದಕ ಇಲ್ಲಿ ಇರುವುದಿಲ್ಲ.

ನಿಮ್ಮ ಭಾವನ ಸ್ಟ್ರೈಕಿನ ಮಾತಿಗೆ ಬರೋಣ. ಮಾತು ಪೂರ್ತಿ ಸುಳ್ಳಲ್ಲ. 1974ರಲ್ಲಿ ಹೈದರಾಬಾದಿನ ಅಬಿಡ್ಸ್‌ನ ‘ಗೋಲ್ಡನ್ ಥ್ರೆಶೋಲ್ಡ್’ನಲ್ಲಿ, ಅಂದರೆ ಸರೋಜಿನಿ ನಾಯ್ಡು ಅವರ ಮನೆಯಲ್ಲಿ ಶುರುವಾಗಿ ಆಮೇಲೆ ಗಚ್ಚಿಬೌಲಿಗೆ ಹೋದ ವಿಶ್ವವಿದ್ಯಾಲಯ ಅದು. ಅಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಡೆಯುತ್ತದೆ, ಪ್ರತಿಭಟನೆ ನಡೆಯುತ್ತದೆ. 2025ರಲ್ಲಿ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯಲು ಯಂತ್ರಗಳು ಇಳಿದಾಗ ವಿದ್ಯಾರ್ಥಿಗಳು ಬೀದಿಗೆ ಬಂದರು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಕೆಲಸ ನಿಲ್ಲಿಸಿತು. ಭೂಮಿಯ ಬೆಲೆ, ಅರಣ್ಯದ ಬೆಲೆ, ಸರಕಾರದ ಆದಾಯ: ಅರ್ಥಶಾಸ್ತ್ರ ಓದುವವಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ ಎಂದು ಅವರಿಗೆ ಹೇಳಿ. ಒಪ್ಪಲಿಕ್ಕಿಲ್ಲ. ನಡೆಯುತ್ತದೆ.

ಕೆಲಸ ಸಿಗುತ್ತದೋ ಇಲ್ಲವೋ ಎಂಬುದು ನೀವು ಕೇಳದೆ ಬಿಟ್ಟ ಪ್ರಶ್ನೆ, ಆದರೆ ಮನಸ್ಸಿನಲ್ಲಿ ಇದ್ದೇ ಇದೆ. ಖಾಸಗಿಯವರ ಪುಸ್ತಿಕೆಯಲ್ಲಿ ‘ಗರಿಷ್ಠ ಪ್ಯಾಕೇಜ್’ ಎಂದು ಒಂದು ದೊಡ್ಡ ಅಂಕಿ ಇರುತ್ತದೆ. ಅದು ಒಬ್ಬ ಹುಡುಗನದು, ಬಹುಶಃ ಕಂಪ್ಯೂಟರ್ ಸೈನ್ಸಿನವನದು. ನೀವು ನೋಡಬೇಕಾದ ಕಾಗದ ಬೇರೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರಕಾರ ಕೊಡುವ ರ‍್ಯಾಂಕಿಂಗ್‌ಗೆ ಎನ್ಐಆರ್‌ಎಫ್ ಎನ್ನುತ್ತಾರೆ. ಎನ್ಐಆರ್‌ಎಫ್ ರ‍್ಯಾಂಕಿಂಗ್‌ಗೆ ಪ್ರತಿ ಸಂಸ್ಥೆ ಸಲ್ಲಿಸಿದ ಮಾಹಿತಿ ಎನ್ಐಆರ್‌ಎಫ್ ಜಾಲತಾಣದಲ್ಲಿಯೇ ಪಿಡಿಎಫ್ ಆಗಿ ಸಿಗುತ್ತದೆ. ರ‍್ಯಾಂಕು ಬಿಟ್ಟುಬಿಡಿ, ಆ ಪಿಡಿಎಫ್ ತೆಗೆಯಿರಿ. ಮೂರು ವರ್ಷದ ಪದವಿ, ನಾಲ್ಕು ವರ್ಷದ ಪದವಿ, ಇಂಟಿಗ್ರೇಟೆಡ್ ಎಂದು ಬೇರೆ ಬೇರೆ ಕೋಷ್ಟಕ ಇರುತ್ತದೆ. ಎಷ್ಟು ಮಂದಿ ಸೇರಿದರು, ಅವಧಿಯೊಳಗೆ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು. ಮೀಡಿಯನ್ ಅಂದರೆ, ಕೆಲಸ ಸಿಕ್ಕ ನೂರು ಮಕ್ಕಳನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ. ಬಿ.ಎ.ಯವರು ಬರುವುದು ಮೂರು ವರ್ಷದ ಸಾಲಿನಲ್ಲಿ. ಆ ಸಾಲಿನ ಮೀಡಿಯನ್ನನ್ನು ಸಾಲದ ಕಂತಿನ ಪಕ್ಕ ಇಟ್ಟು ನೋಡಿ. ಹತ್ತು ವರ್ಷದ ಅವಧಿ, 10% ಬಡ್ಡಿಯಾದರೆ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 1,320 ರೂಪಾಯಿ ಕಂತು. 14 ಲಕ್ಷಕ್ಕೆ 18,500. ಓದುವಾಗ ಏರಿದ ಬಡ್ಡಿ ಇದರ ಮೇಲೆ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ನ್ಯಾಕ್ ಸಂಸ್ಥೆ ಕೊಡುವ ಗ್ರೇಡನ್ನು ಅಷ್ಟಾಗಿ ನೆಚ್ಚಬೇಡಿ. 2025ರ ಫೆಬ್ರವರಿಯಲ್ಲಿ ಪರಿಶೀಲನೆಗೆ ಹೋಗಿದ್ದ ನ್ಯಾಕ್ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತ್ತು.

ಅರ್ಥಶಾಸ್ತ್ರದಲ್ಲಿ ಬರೀ ಬಿ.ಎ.ಯಿಂದ ತೆರೆಯುವ ಬಾಗಿಲು ಕಡಿಮೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವೀಸ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯೇ ಬೇಕು. ಕಾಲೇಜಿನಲ್ಲಿ ಕಲಿಸಲು ಎಂ.ಎ. ಬೇಕು, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯೋ ಪಿಎಚ್.ಡಿ.ಯೋ ಬೇಕು. ಹೀಗಾಗಿ ಮೂರು ವರ್ಷಕ್ಕೆ 14 ಲಕ್ಷ ಸುರಿದರೂ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಒಂದು ಎಚ್ಚರಿಕೆ ಮಾತ್ರ ಮಗಳಿಗೆ ದಾಟಿಸಿ: ಎಂ.ಎ. ಮಟ್ಟದ ಅರ್ಥಶಾಸ್ತ್ರ ಎಂದರೆ ಬಹುಪಾಲು ಗಣಿತ. ಪಿಯುಸಿ ಕಾಮರ್ಸ್‌ನಲ್ಲಿ ಅವಳ ಕಾಂಬಿನೇಶನ್ನಿನಲ್ಲಿ ಬೇಸಿಕ್ ಮ್ಯಾಥ್ಸೋ ಸ್ಟ್ಯಾಟಿಸ್ಟಿಕ್ಸೋ ಇತ್ತೇ ಎಂದು ನೀವು ಬರೆದಿಲ್ಲ. ಇರಲಿಲ್ಲವಾದರೆ ಈ ಎರಡು ತಿಂಗಳಲ್ಲಿ ವಿಜ್ಞಾನದವರ ಗಣಿತದ ಪುಸ್ತಕ ತಂದು ಕಲನಶಾಸ್ತ್ರದ ಅಧ್ಯಾಯಗಳನ್ನಾದರೂ ಬಿಡಿಸಲಿ. ಇಂಗ್ಲಿಷ್ ಹೇಗೋ ಹತ್ತುತ್ತದೆ, ಗಣಿತ ಹಾಗೆ ಹತ್ತುವುದಿಲ್ಲ.

ಖಾಸಗಿಗೆ ‘ಹೌದು’ ಎನ್ನುತ್ತಿದ್ದ ಸಂದರ್ಭವೂ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಖಾಸಗಿಯೇ, 2010ರಲ್ಲಿ ರಾಜ್ಯದ ಶಾಸನದಿಂದ ಬಂದದ್ದು. ಅಲ್ಲಿ ವಿದ್ಯಾರ್ಥಿವೇತನ ಮನೆಯ ಆದಾಯ ನೋಡಿ ಕೊಡುತ್ತಾರೆ, ಕೆಲವರಿಗೆ ಬೋಧನಾ ಶುಲ್ಕವಷ್ಟೇ ಅಲ್ಲ, ವಸತಿಯೂ ಅದರೊಳಗೆ ಬರುತ್ತದೆ. ಅಂಥ ಪತ್ರ ನಿಮ್ಮ ಕೈಯಲ್ಲಿದ್ದಿದ್ದರೆ ನಾನು ಈ ಉತ್ತರವನ್ನು ನಾಲ್ಕೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಮನೆಯ ಆದಾಯ ನೋಡಿ ಕೊಡುವ ಸ್ಕಾಲರ್‌ಶಿಪ್ ಬೇರೆ, ಅಂಕ ನೋಡಿ ಕೊಟ್ಟು ಅಂಕ ಇಳಿದರೆ ಕಿತ್ತುಕೊಳ್ಳುವ ರಿಯಾಯಿತಿ ಬೇರೆ. ನಿಮಗೆ ಬಂದಿರುವುದು ಎರಡನೆಯದು. ನಮ್ಮ ದೀಪಾವಳಿ ಡಿಸ್ಕೌಂಟಿನ ಹಾಗೆ.

ಸಾಲ ತೆಗೆದಾದರೂ ಖಾಸಗಿಗೇ ಕಳಿಸುತ್ತೇವೆ ಎಂದು ಮನೆಯಲ್ಲಿ ತೀರ್ಮಾನವಾದರೆ, 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರಿದೆಯೇ ನೋಡಿ. ಶುರುವಿನಲ್ಲಿ 860 ಸಂಸ್ಥೆಗಳನ್ನು ಸೇರಿಸಿದ್ದರು. ಪಟ್ಟಿಯಲ್ಲಿದ್ದರೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗಬೇಕು. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿಯೂ ಉಂಟು. ಪಟ್ಟಿಯಲ್ಲಿಲ್ಲದಿದ್ದರೆ ಬ್ಯಾಂಕಿನವರು ನಿಮ್ಮ ಹೊಲದ ಉತಾರ ಕೇಳುತ್ತಾರೆ. ಆಗ ಒಮ್ಮೆ ಹೊಲದ ಬದುವಿನ ಮೇಲೆ ಕೂತು ಯೋಚಿಸಿ.

ಧಾರವಾಡದಲ್ಲಿ ಕೂತು ಬರೆಯುವವನಿಗೆ ಮೂರನೆಯ ದಾರಿಯೊಂದು ನೆನಪಾಗದೆ ಇರದು. 1917ರಿಂದ ನಡೆಯುತ್ತಿರುವ ಕರ್ನಾಟಕ ಕಾಲೇಜು ಇಲ್ಲಿದೆ, ಶನಿವಾರ ಬಸ್ಸು ಹತ್ತಿದರೆ ರಾತ್ರಿಯೂಟಕ್ಕೆ ಅವಳು ಮನೆಯಲ್ಲಿರುತ್ತಾಳೆ. ಹೈದರಾಬಾದಿನ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಬೆಂಗಳೂರಿನ ಕಡೆ ನೋಡದೆ ಇಲ್ಲಿಗೆ ಬನ್ನಿ. ಎಂ.ಎ.ಗೆ ಮತ್ತೊಮ್ಮೆ ಸಿಯುಇಟಿ ಬರೆದು ಹೊರಗೆ ಹೋಗಲಿ. ಅರ್ಜಿಯ ಕೊನೆಯ ದಿನ ಮೀರದಂತೆ ಇದಕ್ಕೂ ಒಂದು ಅರ್ಜಿ ಹಾಕಿಟ್ಟಿರಿ.

ಹೆಣ್ಣುಮಗಳು, ಬೇರೆ ರಾಜ್ಯ ಎಂಬ ಮಾತು. ಬೆಂಗಳೂರೂ ಅವಳಿಗೆ ಬೇರೆ ಊರೇ, ರಾತ್ರಿ ಜ್ವರ ಬಂದರೆ ಅಲ್ಲಿಗೂ ನೀವು ಮುಟ್ಟುವುದು ಮರುದಿನ ಬೆಳಿಗ್ಗೆ. ಆದ್ದರಿಂದ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಹನ್ನೊಂದಕ್ಕೆ ಜ್ವರ ಏರಿದರೆ ಯಾರು, ಯಾವ ಗಾಡಿಯಲ್ಲಿ, ಎಲ್ಲಿಗೆ ಕರೆದೊಯ್ಯುತ್ತಾರೆ? ಹೈದರಾಬಾದಿನಲ್ಲಿ ಕ್ಯಾಂಪಸ್ಸಿನೊಳಗೇ ಆರೋಗ್ಯ ಕೇಂದ್ರ ಇದೆ. ಖಾಸಗಿಯವರಿಗೆ ಇದೇ ಪ್ರಶ್ನೆ ಹಾಕಿ, ಏನು ಹೇಳುತ್ತಾರೆ ಕೇಳಿ. ‘ಔಟಿಂಗ್‌ಗೆ ಹೋದರೆ ಅಪ್ಪನಿಗೆ ಮೆಸೇಜ್ ಬರುತ್ತದೆ’ ಎಂದು ಅವರು ಹೆಮ್ಮೆಯಿಂದ ಹೇಳಿಯೇ ಹೇಳುತ್ತಾರೆ. ಮೆಸೇಜ್ ಬರುವುದು ನಿಮ್ಮ ಸಮಾಧಾನಕ್ಕೆ, ಅವಳ ಜ್ವರಕ್ಕಲ್ಲ. ರ‍್ಯಾಗಿಂಗ್ ದೂರಿಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ ಇದೆ, 1800-180-5522, ಅವಳ ಫೋನಿನಲ್ಲಿ ಇರಲಿ.

ಭಾಷೆಗೆ ಹೆದರಬೇಡಿ. ತೆಲುಗಿನ ಅಕ್ಷರ ನಮ್ಮ ಅಕ್ಷರದ ಒಡಹುಟ್ಟು. ತಲಕಟ್ಟಿನ ಓರೆ ಒಮ್ಮೆ ಕಣ್ಣಿಗೆ ಹಿಡಿಯಿತೆಂದರೆ ವಾರದೊಳಗೆ ಬಸ್ಸಿನ ಬೋರ್ಡು ಓದುತ್ತಾಳೆ. ಹಳೆಯ ಹೈದರಾಬಾದು ಕನ್ನಡಿಗರಿಗೆ ಪರಊರೂ ಅಲ್ಲ, ಕಾಚಿಗುಡದ ಕಡೆ ಕನ್ನಡ ಕಿವಿಗೆ ಬೀಳುತ್ತದೆ. ಕಷ್ಟವಾಗುವುದು ತರಗತಿಯ ಇಂಗ್ಲಿಷು. ಮೊದಲ ಎರಡು ತಿಂಗಳಲ್ಲಿ ಒಂದು ರಾತ್ರಿ ಅವಳು ಅಳುತ್ತ ಫೋನ್ ಮಾಡುತ್ತಾಳೆ, ಇದು ನನ್ನ ಇಪ್ಪತ್ತು ವರ್ಷದ ಅನುಭವ. ಆ ರಾತ್ರಿ ‘ಬಂದುಬಿಡವ್ವಾ’ ಎನ್ನಬೇಡಿ. ದೀಪಾವಳಿಗೆ ಬಾ, ಆಗ ಮಾತಾಡೋಣ ಅನ್ನಿ.

ಈಗ ಕೈಯಲ್ಲಿರುವ ಕೆಲಸ. ನಿಮ್ಮ 2ಎ ಪ್ರಮಾಣಪತ್ರ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಓಬಿಸಿ ಪಟ್ಟಿ ಬೇರೆ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆಗೆದು ನಿಮ್ಮ ಜಾತಿಯ ಹೆಸರು, ಉಪಹೆಸರು ಯಾವ ಕಾಗುಣಿತದಲ್ಲಿದೆ ನೋಡಿ. ಇದ್ದರೆ ನಾಡಕಚೇರಿಯಲ್ಲಿ ‘ಕೇಂದ್ರ ಸರಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರದ ಓಬಿಸಿ ಪತ್ರ’ ಎಂದೇ ಕೇಳಿ. ಬರೀ ‘ಜಾತಿ ಆದಾಯ’ ಎಂದರೆ ರೂಢಿಯ 2ಎ ಪತ್ರವನ್ನೇ ಮತ್ತೆ ಮುದ್ರಿಸಿ ಕೊಡುತ್ತಾರೆ. ತಾರೀಖು ಈ ವರ್ಷದ ಏಪ್ರಿಲ್ 1ರ ನಂತರದ್ದಿರಲಿ. 27% ಮೀಸಲಾತಿಯ ಸೀಟನ್ನು ನಮ್ಮ ಕಡೆಯ ಎಷ್ಟೋ ಮಕ್ಕಳು ಓದು ಸಾಲದೆ ಕಳೆದುಕೊಳ್ಳುವುದಿಲ್ಲ, ಈ ಒಂದು ಕಾಗದ ಇಲ್ಲದೆ ಕಳೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಬೆಂಗಳೂರಿನಿಂದ ಮತ್ತೆ ಫೋನ್ ಬರುತ್ತದೆ. ಜಗಳಾಡಬೇಡಿ, ಆ ಕಡೆ ಇರುವವನೂ ನನ್ನ ಹಾಗೆ ಹಾಳೆ ಹಿಡಿದು ಕೂತ ಮೇಷ್ಟ್ರೇ ಇರಬಹುದು. ಮೂರನೇ ವರ್ಷದ ಬೋಧನಾ ಶುಲ್ಕ ಎಷ್ಟು, ಹಾಸ್ಟೆಲ್ ಎಷ್ಟು, ಸಿಜಿಪಿಎ 8.5ಕ್ಕಿಂತ ಕೆಳಗಿಳಿದರೆ ಎಷ್ಟು, ಈ ಮೂರನ್ನು ಇಮೇಲ್‌ನಲ್ಲಿ ಬರೆದು ಕಳಿಸಿ ಎಂದಷ್ಟೇ ಕೇಳಿ ಇಟ್ಟುಬಿಡಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ. ಇಷ್ಟು ವರ್ಷದಲ್ಲಿ ಹಾಗೆ ಬರೆದುಕೊಟ್ಟ ಪತ್ರ ನಾನು ಒಂದನ್ನೂ ನೋಡಿಲ್ಲ.